ಓದುಗರ ಪ್ರಶ್ನೆ, ನಮ್ಮ ಉತ್ತರ: ಒಂದೇ ಕೋಣೆ, ಹಲವು ಹದದ ಚೆಸ್ ಮಕ್ಕಳು

ಈ ಸಲ ಉತ್ತರ ಕನ್ನಡದಿಂದ ಬಂದ ಐದು ಪತ್ರಗಳು ಚೆಸ್ ಕಲಿಕೆಗೆ ಸಂಬಂಧಿಸಿದ್ದವು. ಐದನ್ನೂ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಶಿರಸಿಯಿಂದ ಬಂದ ಮೊದಲನೆಯದು ಉಳಿದವುಗಳ ಬೇರನ್ನೂ ಮುಟ್ಟುವಂತಿರುವುದರಿಂದ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೂರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಎರಡು ತಾಸು ನಮ್ಮ ಬಡಾವಣೆಯ ವಾಚನಾಲಯದ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುತ್ತಿದ್ದೇನೆ. ಏಳರಿಂದ ಹದಿನೈದು ವರ್ಷದೊಳಗಿನ 18 ಮಕ್ಕಳಿದ್ದಾರೆ. ಹತ್ತು ಬೋರ್ಡು, ಮೂರು ಚೆಸ್ ಗಡಿಯಾರಗಳಿವೆ. ಇಬ್ಬರು ಹುಡುಗರು ಹುಬ್ಬಳ್ಳಿಯವರೆಗೆ ಹೋಗಿ ಟೂರ್ನಿ ಆಡಿ ಬರುತ್ತಾರೆ, ಐದಾರು ಮಕ್ಕಳಿಗೆ ಕುದುರೆಯ ನಡೆಯೇ ಇನ್ನೂ ಸರಿಯಾಗಿ ಕುಳಿತಿಲ್ಲ, ಮಿಕ್ಕವರು ನಡುವೆ ಎಲ್ಲೋ ಇದ್ದಾರೆ. ಬಲ್ಲವರಿಗೆ ಬೇಸರ, ಹೊಸಬರಿಗೆ ಹೆದರಿಕೆ. ಸಣ್ಣವರು ಕಾಯಿ ಜೋಡಿಸುವ ಹೊತ್ತಿಗೇ ಸೋತ ಮುಖ ಮಾಡಿಕೊಂಡಿರುತ್ತಾರೆ. ಎರಡು ತಂಡ ಮಾಡಿಬಿಡಲೇ? ಅಥವಾ ದೊಡ್ಡವರಿಗೇ ಸಣ್ಣವರನ್ನು ಒಪ್ಪಿಸಿ ಕಲಿಸಲು ಹೇಳಲೇ? (ಶಿರಸಿಯ ಓದುಗರು)

ಉತ್ತರ: ಸಣ್ಣವರ ಸೋತ ಮುಖದ ಬಗ್ಗೆ ನೀವು ಬರೆದ ಮಾತಿನಲ್ಲಿಯೇ ರೋಗದ ಗುರುತಿದೆ. ಯಾರು ಗೆಲ್ಲುತ್ತಾರೆಂದು ಕುಳಿತುಕೊಳ್ಳುವ ಮೊದಲೇ ಇಬ್ಬರಿಗೂ ಗೊತ್ತಿರುವ ಆಟದಲ್ಲಿ ಗೆಲ್ಲುವವನೂ ಯೋಚಿಸುವುದಿಲ್ಲ, ಸೋಲುವವನೂ ಯೋಚಿಸುವುದಿಲ್ಲ. ಇಬ್ಬರೂ ಕೈಯಾಡಿಸಿ ಎದ್ದು ಹೋಗುತ್ತಾರೆ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ರೇಟಿಂಗ್ (ಆಟಗಾರನ ಬಲವನ್ನು ಅಳೆಯುವ ಸಂಖ್ಯೆ) ಲೆಕ್ಕದ ಪ್ರಕಾರ ಇಬ್ಬರು ಆಟಗಾರರ ರೇಟಿಂಗ್ ನಡುವೆ 200ರ ಅಂತರವಿದ್ದರೆ ಮೇಲಿನವನು ನೂರು ಆಟಗಳಲ್ಲಿ, ಗೆದ್ದರೆ ಒಂದು ಡ್ರಾ ಆದರೆ ಅರ್ಧದಂತೆ, ಸುಮಾರು 76 ಅಂಕ ಗಳಿಸಬೇಕು, 400 ಅಂತರವಿದ್ದರೆ ಸುಮಾರು 92. ನಿಮ್ಮ ಟೂರ್ನಿ ಹುಡುಗರಿಗೂ ಕುದುರೆಯ ನಡೆ ತಪ್ಪುವ ಮಗುವಿಗೂ ಇರುವ ಅಂತರ ಇದಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಪ್ರತಿ ಭಾನುವಾರ ಪ್ರತಿಯೊಂದು ಮಗುವಿಗೂ ಫಲಿತಾಂಶ ಗೊತ್ತಿಲ್ಲದ ಒಂದಾದರೂ ಆಟ ಸಿಕ್ಕಿತೇ ಎಂಬ ಒಂದೇ ಲೆಕ್ಕವನ್ನು ಮನೆಗೆ ಹೋಗುವಾಗ ಹಾಕಿಕೊಳ್ಳಿ. ನಾನು ಮುಂದೆ ಹೇಳುವುದೆಲ್ಲ ಈ ಲೆಕ್ಕ ಸರಿಹೋಗಲಿ ಎಂಬುದಕ್ಕಾಗಿಯೇ.

ಎರಡು ತಂಡ ಮಾಡಬೇಡಿ. ಕಾರವಾರದಲ್ಲಿ ನಾವು ನಡೆಸುತ್ತಿದ್ದ ಕೂಟದಲ್ಲಿ ಒಂದು ವರ್ಷ ನಾನೇ ಮಕ್ಕಳನ್ನು ಎ ಮತ್ತು ಬಿ ಎಂದು ಒಡೆದಿದ್ದೆ. ತಿಂಗಳು ತುಂಬುವಷ್ಟರಲ್ಲಿ ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಒಬ್ಬ ಹುಡುಗ "ನಾನು ಬಿ, ನನ್ನ ಸಂಗಡ ಆಡಬಹುದು" ಎಂದು ತನ್ನ ಪರಿಚಯ ಹೇಳಿಕೊಂಡದ್ದು ಕಿವಿಗೆ ಬಿತ್ತು. ಮಕ್ಕಳ ಆಟ ಒಂದು ಮಳೆಗಾಲದಲ್ಲಿ ಅಡಿಮೇಲಾಗುತ್ತದೆ, ಆದರೆ ಅಂಟಿಸಿದ ಚೀಟಿ ಮಾತ್ರ ಉದುರುವುದಿಲ್ಲ. ಅತ್ತ ಎ ತಂಡದ ನಾಲ್ವರು ತಮ್ಮತಮ್ಮಲ್ಲೇ ಆಡಿ ಆಡಿ ಒಬ್ಬರ ಆಟ ಇನ್ನೊಬ್ಬರಿಗೆ ಬಾಯಿಪಾಠವಾಗಿ ಬೇಸತ್ತಿದ್ದರು. ಆ ಏರ್ಪಾಡನ್ನು ಆ ವರ್ಷವೇ ಕೈಬಿಟ್ಟೆ.

ಮೊದಲ ಅರ್ಧ ತಾಸು ಎಲ್ಲರಿಗೂ ಒಂದೇ ಪಾಠ ಇರಲಿ, ಪ್ರಶ್ನೆಗಳು ಮಾತ್ರ ಬೇರೆ ಇರಲಿ. ಒಂದು ಉದಾಹರಣೆಯನ್ನು ಬಿಡಿಸಿಯೇ ಹೇಳುತ್ತೇನೆ. ಬೋರ್ಡಿನ ಮೇಲೆ ಮೂರೇ ಕಾಯಿ ಇಡಿ (ಉದ್ದ ಸಾಲುಗಳಿಗೆ ಎಡದಿಂದ ಎ ಇಂದ ಎಚ್, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8 ಎಂದು ಹೆಸರು): ಬಿಳಿಯ ರಾಜ ಇ6 ಮನೆಯಲ್ಲಿ, ಬಿಳಿಯ ಸಿಪಾಯಿ ಇ5ರಲ್ಲಿ, ಕಪ್ಪು ರಾಜ ಇ8ರಲ್ಲಿ. ಹೊಸಬರನ್ನು ಕಪ್ಪು ರಾಜ ಎಷ್ಟು ಮನೆಗಳಿಗೆ ಹೋಗಬಹುದು ಎಂದು ಕೇಳಿ. ಐದು ಎನ್ನುತ್ತಾರೆ; ಬಿಳಿಯ ರಾಜ ಕಾಯುತ್ತಿರುವ ಮೂರು ಮನೆಗಳನ್ನು ಬೆರಳಿಟ್ಟು ತೋರಿಸಿದರೆ ಡಿ8 ಮತ್ತು ಎಫ್8 ಎರಡೇ ಉಳಿಯುತ್ತವೆ ಎಂಬುದು ಅವರಿಗೇ ಕಾಣುತ್ತದೆ. ನಡುವಿನ ಮಕ್ಕಳು ಅದೇ ಸ್ಥಿತಿಯನ್ನು ಇಬ್ಬಿಬ್ಬರಾಗಿ ಆಡಿ, ನಡೆ ಯಾರದೇ ಆದರೂ ಸಿಪಾಯಿ ಎಂಟನೆಯ ಸಾಲು ಮುಟ್ಟಿ ಮಂತ್ರಿಯಾಗುತ್ತದೆ ಎಂಬುದನ್ನು ಕಂಡುಕೊಳ್ಳಲಿ. ಟೂರ್ನಿ ಹುಡುಗರಿಗೆ ಬೇರೆಯದೇ ಕೊಡಿ: ಬಿಳಿಯ ರಾಜ ಇ4, ಕಪ್ಪು ರಾಜ ಇ6, ನಡೆ ಬಿಳಿಯದು, ಬಿಳಿಯ ಸಿಪಾಯಿ ಇ3ರಲ್ಲಿದ್ದರೆ ಆಟ ಡ್ರಾ, ಒಂದು ಮನೆ ಹಿಂದೆ ಇ2ರಲ್ಲಿದ್ದರೆ ಗೆಲುವು, ಏಕೆ? ಸಿಪಾಯಿ ಹಿಂದಿದ್ದಷ್ಟೂ ನಷ್ಟವೆಂದೇ ನಂಬಿದ ಹುಡುಗ ಇಲ್ಲಿ ತಬ್ಬಿಬ್ಬಾಗುತ್ತಾನೆ. ಕೈಯಲ್ಲಿ ಉಳಿಸಿಕೊಂಡ ಆ ಒಂದು ನಡೆಯನ್ನು ಇ3ಕ್ಕೆ ಖರ್ಚು ಮಾಡಿದೊಡನೆ ಎದುರಾಳಿಯ ರಾಜ ತಾನಾಗಿ ದಾರಿ ಬಿಡಬೇಕಾಗುತ್ತದೆ ಎಂಬುದು ಹೊಳೆದಾಗ ಅವನು ಎದ್ದು ನಿಂತು ಉಳಿದವರನ್ನು ಕರೆಯುತ್ತಾನೆ. ಆಗ ಕುದುರೆಯ ನಡೆ ತಪ್ಪುವ ಮಗುವೂ ಬಂದು ನೋಡುತ್ತದೆ, ಅದಕ್ಕೂ ಆ ಮೂರು ಕಾಯಿಗಳ ಪರಿಚಯ ಆಗಿರುವುದರಿಂದ.

ಆಟದ ಹೊತ್ತಿನಲ್ಲಿ ನಿಮ್ಮ ಮೂರು ಗಡಿಯಾರಗಳು ಅಂತರ ದೊಡ್ಡದಿರುವ ಬೋರ್ಡುಗಳಿಗೇ ಹೋಗಲಿ. ಇಡೀ ಆಟಕ್ಕೆ ಬಲ್ಲವನಿಗೆ ನಾಲ್ಕು ನಿಮಿಷ, ಹೊಸಬನಿಗೆ ಹದಿನಾರು. ಹೊಸಬ ಗೆದ್ದರೆ ಮುಂದಿನ ಸಲ ಅವನದರಲ್ಲಿ ಎರಡು ನಿಮಿಷ ಕಳೆದು ಬಲ್ಲವನಿಗೆ ಸೇರಿಸಿ, ಸೋತರೆ ಬಲ್ಲವನದರಲ್ಲಿ ಅರ್ಧ ನಿಮಿಷ ಇಳಿಸಿ. ನಾಲ್ಕೈದು ವಾರಗಳಲ್ಲಿ ಆ ಜೋಡಿಗೆ ಒಪ್ಪುವ ಸಮಯ ತಾನಾಗಿಯೇ ಗೊತ್ತಾಗುತ್ತದೆ. ಮಂತ್ರಿಯನ್ನೋ ಆನೆಯನ್ನೋ ತೆಗೆದಿಟ್ಟು ಆಡುವ ಹಳೆಯ ರೂಢಿಯೂ ಇದೆ. ಆದರೆ ಕೂಟದಲ್ಲಿ ನನ್ನ ಒಲವು ಸಮಯದ ಕಡೆಗೇ, ಏಕೆಂದರೆ ಕಾಯಿ ಕಡಿಮೆಯಾದರೆ ಆಟದ ರೂಪವೇ ಬದಲಾಗುತ್ತದೆ, ಸಮಯ ಕಡಿಮೆಯಾದರೆ ಬೋರ್ಡಿನ ಮೇಲಿರುವುದು ಪೂರ್ತಿ ಚೆಸ್ಸೇ. ಅವಸರದ ಆಟ ಬಲ್ಲವನ ಕೈ ಕೆಡಿಸುತ್ತದೆಂದು ತಂದೆತಾಯಿ ಆಕ್ಷೇಪಿಸಬಹುದು. ವಾರಕ್ಕೊಂದು ಆಟದಿಂದ ಯಾರ ಕೈಯೂ ಕೆಡುವುದಿಲ್ಲ.

ಜೋಡಿ ಹಾಕುವುದಕ್ಕೆ ಸ್ವಿಸ್ ಪದ್ಧತಿಯನ್ನು ಹಿಡಿಯಿರಿ. 1895ರಲ್ಲಿ ಜ್ಯೂರಿಕ್‌ನ ಒಂದು ಚೆಸ್ ಟೂರ್ನಿಯಲ್ಲಿ ಮೊದಲು ಬಳಕೆಯಾದದ್ದರಿಂದ ಅದಕ್ಕೆ ಆ ಹೆಸರು. ಪ್ರತಿ ಸುತ್ತಿನಲ್ಲಿ ಸಮಾನ ಅಂಕ ಗಳಿಸಿದವರು ಎದುರಾಗುತ್ತಾರೆ, ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ, ಸೋತವರು ಹೊರಗೆ ಹೋಗುವುದೂ ಇಲ್ಲ. ಮೊದಲ ಸುತ್ತು ಎರಡನೆಯ ಸುತ್ತು ಏರುಪೇರಾಗಿರುತ್ತವೆ, ಮೂರನೆಯದರಿಂದ ಮಕ್ಕಳು ತಮ್ಮ ಸರಿಜೋಡಿಯನ್ನು ತಾವೇ ಕಂಡುಕೊಂಡಿರುತ್ತಾರೆ. ಭಾನುವಾರಕ್ಕೆ ಒಂದು ಸುತ್ತಿನಂತೆ ಆರು ವಾರ ನಡೆಸಿದರೆ ಕಂಪ್ಯೂಟರ್ ಬೇಕಾಗಿಲ್ಲ, ಇನ್ನೂರು ಪುಟದ ನೋಟ್‌ಬುಕ್ ಸಾಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದ ಮನೆಯ ಮಕ್ಕಳು ತಪ್ಪಿಸಿಕೊಳ್ಳುತ್ತಾರೆ, ಮಾರಿಕಾಂಬಾ ಜಾತ್ರೆಯ ವಾರದಲ್ಲಂತೂ ಯಾರೂ ಬರುವುದಿಲ್ಲ. ಮೊದಲೇ ತಿಳಿಸಿದವರಿಗೆ ಅರ್ಧ ಅಂಕ ಕೊಟ್ಟರೆ ಪಟ್ಟಿ ಮುರಿಯುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ದೊಡ್ಡವರಿಂದ ಕಲಿಸುವುದು ಒಳ್ಳೆಯದೇ, ಆದರೆ ತಿಂಗಳಿಗೆ ಒಂದು ಸಲಕ್ಕಿಂತ ಹೆಚ್ಚು ಬೇಡ. ಹದಿಮೂರು ವರ್ಷದ ಜಾಣ ಹುಡುಗನೊಬ್ಬನನ್ನು ನಾನು ಸುಮಾರು ಅರ್ಧ ವರ್ಷ "ಸಣ್ಣ ಮಾಸ್ತರ" ಮಾಡಿ ಕೂರಿಸಿದ್ದೆ. ನನಗೆ ಕೆಲಸ ಹಗುರವಾಯಿತು, ಅವನ ಆಟ ಇದ್ದಲ್ಲೇ ನಿಂತಿತು, ಮತ್ತು ಒಂದು ದಿನ ಅವನು "ಸರ್, ನಾನು ಆಡುವುದು ಯಾವಾಗ?" ಎಂದು ಕೇಳಿದ. ಉತ್ತರ ನನ್ನಲ್ಲಿರಲಿಲ್ಲ. ಅದರ ಬದಲು ಜೋಡಿ ಆಟ ಆಡಿಸಿ: ಒಬ್ಬ ಬಲ್ಲವನು ಮತ್ತು ಒಬ್ಬ ಹೊಸಬ ಸೇರಿ ಒಂದು ಪಕ್ಷ, ಎದುರು ಅಂಥದ್ದೇ ಇನ್ನೊಂದು. ಪಿಸುಮಾತಿನಲ್ಲಿ ಚರ್ಚಿಸಬಹುದು, ಆದರೆ ಕಾಯಿ ಎತ್ತಿಡುವ ಕೈ ಹೊಸಬನದೇ ಆಗಿರಬೇಕು, ಮತ್ತು ಅವನಿಗೆ ಅರ್ಥವಾಗದ ನಡೆಯನ್ನು ಇಡುವಂತಿಲ್ಲ. ಬಲ್ಲವನು ತನ್ನ ಯೋಜನೆಯನ್ನು ಮಾತಿನಲ್ಲಿ ಬಿಡಿಸಲೇಬೇಕಾಗುತ್ತದೆ. ಹಾಗೆ ಬಿಡಿಸುವಾಗ ಎಷ್ಟೋ ಸಲ ಅದರ ತೂತು ಅವನಿಗೇ ಕಾಣುತ್ತದೆ.

ನಡುವಿನ ಮಕ್ಕಳ ಬಗ್ಗೆ ಒಂದು ಎಚ್ಚರಿಕೆ. ಹೊಸಬರನ್ನು ಓಡಿಸುವವರು ಟೂರ್ನಿ ಹುಡುಗರಲ್ಲ, ನಾಲ್ಕು ನಡೆಯ ಮೇಟನ್ನು (ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಮಾಡಿ ಆಟ ಮುಗಿಸುವುದನ್ನು) ಕಳೆದ ವಾರವಷ್ಟೇ ಕಲಿತವರು. ಸಿ4ರಲ್ಲಿ ಒಂಟೆ, ಎಚ್5ರಲ್ಲಿ ಮಂತ್ರಿ, ಎರಡರ ಕಣ್ಣೂ ಎಫ್7ರ ಮೇಲೆ. ಏಳು ವರ್ಷದ ಮಗು ಹೀಗೆ ಮೂರು ಸಲ ಸೋತರೆ ನಾಲ್ಕನೆಯ ವಾರ ಹೊಟ್ಟೆನೋವು ಬರುತ್ತದೆ. ಆದ್ದರಿಂದ ಆ ಮೇಟನ್ನೂ ಅದರ ಮದ್ದನ್ನೂ ಮೊದಲ ದಿನವೇ ಎಲ್ಲರಿಗೂ ತೋರಿಸಿಬಿಡಿ. ಕಪ್ಪು ಪಕ್ಷದ ಇ5ರ ಸಿಪಾಯಿಗೆ ಸಿ6ರ ಕುದುರೆಯ ಕಾವಲಿದ್ದರೆ, ಜಿ ಸಾಲಿನ ಸಿಪಾಯಿಯನ್ನು ಒಂದು ಮನೆ ಮುಂದಿಟ್ಟೊಡನೆ ಮಂತ್ರಿ ಹಿಂದೆ ಸರಿಯಲೇಬೇಕು; ಅದು ಎಫ್3ರಿಂದ ಮತ್ತೆ ಕಣ್ಣು ಹಾಕಿದರೆ ಇನ್ನೊಂದು ಕುದುರೆ ಎಫ್6ಕ್ಕೆ ಬಂದು ಅಡ್ಡ ನಿಲ್ಲುತ್ತದೆ.

ಬೇಗ ಆಟ ಮುಗಿಸಿ ಅಲೆಯುವ ಬಲ್ಲವರಿಗೆ ಒಂದು ಬೊಗಸೆ ಹುಣಸೆ ಬೀಜ ಕೊಟ್ಟು ಮೂಲೆಯ ಖಾಲಿ ಬೋರ್ಡು ತೋರಿಸಿ. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಬೇಕು, ಮೆಟ್ಟಿದ ಮನೆಗೆ ಒಂದು ಬೀಜ. ನಮ್ಮವರಿಗೆ ಇದು ಹಳೆಯ ವಿದ್ಯೆ: ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟ ಕುದುರೆ ನಡೆಯಲ್ಲಿ ಶ್ಲೋಕವನ್ನೇ ಬಂಧಿಸಿದ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಬಂಧಗಳನ್ನು ಸ್ವತಃ ರಚಿಸಿದರು. ಮೂಲೆಯ ಮನೆಯಿಂದ ಕುದುರೆಗೆ ಎರಡೇ ದಾರಿ, ನಡುವಿನ ಮನೆಯಿಂದ ಎಂಟು. ಆದ್ದರಿಂದ ದಾರಿ ಕಡಿಮೆ ಇರುವ ಮನೆಗಳನ್ನು ಮೊದಲು ಮುಗಿಸಬೇಕೆಂಬ ಸುಳಿವನ್ನು ಮೂರನೆಯ ವಾರದವರೆಗೆ ಹೇಳಬೇಡಿ. ಇಲ್ಲಿ ಇನ್ನೊಂದು ಲಾಭವಿದೆ. ಕುದುರೆಯ ನಡೆ ಕುಳಿತಿರದ ಮಗುವನ್ನು ಬೀಜ ಇಡುವ ಕೆಲಸಕ್ಕೆ ಪಕ್ಕದಲ್ಲಿ ಕೂರಿಸಿದರೆ, ಅರ್ಧ ತಾಸಿನಲ್ಲಿ ಅದು "ಅಲ್ಲಿಗೆ ಹೋಗುವುದಿಲ್ಲ ಅಣ್ಣಾ" ಎಂದು ತಿದ್ದುವಷ್ಟಾಗಿರುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ, ದೃಷ್ಟಿ ತೀರ ಮಂದ. ಅಜ್ಜನ ಜೊತೆ ಚೆಸ್ ಕಲಿತಿದ್ದಾಳೆ, ನಡೆಗಳನ್ನು ಬಾಯಲ್ಲಿ ಹೇಳಿದರೆ ಹತ್ತು ಹದಿನೈದು ನಡೆಗಳವರೆಗೆ ಮನಸ್ಸಿನಲ್ಲೇ ಹಿಡಿದಿಡುತ್ತಾಳೆ. ಒಂದು ತರಬೇತಿ ಕೇಂದ್ರಕ್ಕೆ ಕರೆದೊಯ್ದಾಗ, ಉಳಿದ ಮಕ್ಕಳಿಗೆ ತೊಂದರೆಯಾಗುತ್ತದೆ, ಮನೆಯಲ್ಲೇ ಕಲಿಸಿ ಎಂದರು. ಅವರು ಹೇಳಿದ್ದು ಸರಿಯೇ? (ಕಾರವಾರದ ಓದುಗರು)

ಉತ್ತರ: ಸರಿಯಲ್ಲ. ಚೆಸ್ಸಿನ ನಿಯಮಗಳು ನಿಮ್ಮ ಮಗಳಂಥವರನ್ನು ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿವೆ. ಫಿಡೆಯ ನಿಯಮಾವಳಿಯಲ್ಲಿ ದೃಷ್ಟಿಮಾಂದ್ಯವಿರುವ ಆಟಗಾರರಿಗಾಗಿ ಪ್ರತ್ಯೇಕ ಸೂಚನೆಗಳಿದ್ದು, ಅವರು ಕಣ್ಣಿರುವವರ ಎದುರು ಅದೇ ಟೂರ್ನಿಯಲ್ಲಿ ಆಡಬಹುದು. ಒಂದೇ ಮೇಜಿನ ಮೇಲೆ ಎರಡು ಬೋರ್ಡುಗಳಿರುತ್ತವೆ. ಎದುರಾಳಿಯದು ಸಾಮಾನ್ಯ ಬೋರ್ಡು. ನಿಮ್ಮ ಮಗಳದರಲ್ಲಿ ಕಪ್ಪು ಮನೆಗಳು ತುಸು ಎತ್ತರವಾಗಿರುತ್ತವೆ, ಪ್ರತಿ ಮನೆಯಲ್ಲಿ ಒಂದು ತೂತು, ಪ್ರತಿ ಕಾಯಿಯ ಅಡಿಯಲ್ಲಿ ಅದಕ್ಕೆ ಹೊಂದುವ ಒಂದು ಗೂಟ, ಕಪ್ಪು ಕಾಯಿಗಳ ಮೇಲೆ ಬೆರಳಿಗೆ ಸಿಗುವ ಗುರುತು. ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ನಿಯಮ ಅವಳಿಗೆ ಬೇರೆ ರೀತಿ ಅನ್ವಯಿಸುತ್ತದೆ. ಬೆರಳಾಡಿಸಿ ನೋಡುವುದು ಮುಟ್ಟಿದಂತಲ್ಲ, ಕಾಯಿಯನ್ನು ತೂತಿನಿಂದ ಹೊರಗೆಳೆದಾಗ ಮಾತ್ರ ಮುಟ್ಟಿದಂತೆ. ಇಬ್ಬರೂ ತಮ್ಮ ನಡೆಯನ್ನು ಗಟ್ಟಿಯಾಗಿ ಹೇಳಬೇಕು, ಕೇಳಿದವರು ಅದನ್ನು ಮರುನುಡಿದು ತಮ್ಮ ಬೋರ್ಡಿನಲ್ಲಿ ಇಟ್ಟುಕೊಳ್ಳಬೇಕು. ಬಿ, ಡಿ, ಇ ಇವು ಕಿವಿಗೆ ಒಂದೇ ತೆರನಾಗಿ ಕೇಳುವುದರಿಂದ ಸಾಲುಗಳನ್ನು ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂದು ಕರೆಯುವ ರೂಢಿಯಿದೆ. ಮಕ್ಕಳಿಗೆ ಈ ಹೆಸರುಗಳು ಬಹಳ ಇಷ್ಟವಾಗುತ್ತವೆ. ಬೆಲ್ಲಾ ಎಂದಾಗ ನಮ್ಮ ಕಡೆಯ ಮಕ್ಕಳು ನಕ್ಕೇ ನಗುತ್ತಾರೆ, ನಗಲಿ.

ತೊಂದರೆಯಾಗುತ್ತದೆ ಎಂದ ಕೇಂದ್ರದವರು ಒಂದನ್ನು ಗಮನಿಸಿಲ್ಲ. ನಡೆಯನ್ನು ಬಾಯಲ್ಲಿ ಹೇಳಿ ಆಡುವುದು ಕಣ್ಣಿರುವ ಮಕ್ಕಳಿಗೂ ದೊಡ್ಡ ಕಸರತ್ತು. ಮೇಲೆ ಹೇಳಿದ ಸಮಯದ ಅಂತರದ ಬದಲಾಗಿ, ಕೂಟದ ಬಲವಾದ ಹುಡುಗ ಬೋರ್ಡಿಗೆ ಬೆನ್ನು ಹಾಕಿ ಕುಳಿತು ನಿಮ್ಮ ಮಗಳೊಂದಿಗೆ ಆಡಲಿ. ಹನ್ನೆರಡನೆಯ ನಡೆಯ ಹೊತ್ತಿಗೆ ತನ್ನ ಒಂಟೆ ಎಲ್ಲಿದೆಯೆಂದು ಅವನೇ ಅವಳನ್ನು ಕೇಳುವ ಸಂಭವ ಹೆಚ್ಚು. ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅಂಧರ ರಾಷ್ಟ್ರೀಯ ಚೆಸ್ ಚಾಂಪಿಯನ್ ಆದವರು. ಘಟ್ಟದ ಮೇಲೆಯೇ ಇರುವ ಈ ಹೆಸರನ್ನು ಮಗಳಿಗೆ ಹೇಳಿ. ಬೇರೆ ಕೂಟವೊಂದನ್ನು ಹುಡುಕಿ, ಹೋಗುವಾಗ ತೂತಿನ ಬೋರ್ಡನ್ನು ನೀವೇ ಒಯ್ಯಿರಿ. ಬೋರ್ಡು ಕಣ್ಣೆದುರಿಗಿದ್ದರೆ ಬೇಡ ಎನ್ನುವ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಪ್ರಶ್ನೆ: ನಮ್ಮ ಮಗನಿಗೆ ಹದಿಮೂರು, ಮಗಳಿಗೆ ಒಂಬತ್ತು. ಒಟ್ಟಿಗೆ ಕಲಿತರು, ಈಗ ತಂಗಿಯೇ ಗೆಲ್ಲುತ್ತಾಳೆ. ಅಣ್ಣ ಕೂಟಕ್ಕೆ ಬರುವುದಿಲ್ಲವೆಂದು ಹಟ ಹಿಡಿದಿದ್ದಾನೆ. (ಕುಮಟಾದ ಓದುಗರು)

ಉತ್ತರ: ಮನೆಯಲ್ಲಿ ಅವರಿಬ್ಬರ ಆಟವನ್ನು ಮೂರು ತಿಂಗಳು ನಿಲ್ಲಿಸಿ, ಕೂಟದಲ್ಲಿ ಇಬ್ಬರನ್ನೂ ಒಂದೇ ಪಕ್ಷದಲ್ಲಿ ಕೂರಿಸಲು ಹೇಳಿ. "ನೋಡು, ತಂಗಿಯನ್ನು ನೋಡಿ ಕಲಿ" ಎಂಬ ಮಾತು ಊಟಕ್ಕೆ ಕುಳಿತಾಗ ಬರುತ್ತಿದ್ದರೆ ಅದನ್ನೂ ನಿಲ್ಲಿಸಿ. ನಿಮ್ಮ ಪತ್ರದ ದನಿ ನೋಡಿದರೆ ಬರುತ್ತಿದೆ ಎಂದೇ ನನ್ನ ಊಹೆ. ಚೆನ್ನೈನ ಅಕ್ಕ ತಮ್ಮಂದಿರಾದ ವೈಶಾಲಿ ಮತ್ತು ಪ್ರಜ್ಞಾನಂದರ ವಿಷಯ ಅವನಿಗೆ ಗೊತ್ತಿರಬಹುದು, ಆದರೆ ವರ್ಷಗಳು ಗೊತ್ತಿರಲಿಕ್ಕಿಲ್ಲ. ತಮ್ಮನಾದ ಪ್ರಜ್ಞಾನಂದ ಚೆಸ್ಸಿನ ಅತಿ ದೊಡ್ಡ ಬಿರುದಾದ ಗ್ರಾಂಡ್‌ಮಾಸ್ಟರ್ ಪಡೆದದ್ದು 2018ರಲ್ಲಿ, ಹನ್ನೆರಡನೆಯ ವಯಸ್ಸಿಗೆ. ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಅದಕ್ಕೆ ಬೇಕಾದ 2500 ರೇಟಿಂಗ್ ದಾಟಿದ್ದು 2023ರ ಡಿಸೆಂಬರಿನಲ್ಲಿ. ನಡುವಿನ ಐದು ವರ್ಷ ಅವಳು ಆಡುತ್ತಲೇ ಇದ್ದಳು.

ಪ್ರಶ್ನೆ: ಗಣಿತದಲ್ಲಿ ಹಿಂದಿರುವ ಮಕ್ಕಳನ್ನು ಆರಿಸಿ ಚೆಸ್ ತರಗತಿಗೆ ಕಳುಹಿಸಬೇಕೆಂದು ನಮ್ಮ ಶಾಲೆಯಲ್ಲಿ ಯೋಚನೆಯಿದೆ. ಫಲ ಸಿಗುವುದೇ? (ಹೊನ್ನಾವರದ ಮುಖ್ಯಾಧ್ಯಾಪಕರು)

ಉತ್ತರ: ಗಣಿತದ ಅಂಕಗಳನ್ನು ನಂಬಿ ಕಳುಹಿಸಬೇಡಿ. ಇಂಗ್ಲೆಂಡಿನಲ್ಲಿ 100 ಪ್ರಾಥಮಿಕ ಶಾಲೆಗಳಲ್ಲಿ ನಡೆಸಿದ ಪ್ರಯೋಗವೊಂದರ ವರದಿ 2016ರಲ್ಲಿ ಹೊರಬಂತು. ಪಾಠ ಮುಗಿದು ಒಂದು ವರ್ಷದ ಮೇಲೆ ಪರೀಕ್ಷಿಸಿದಾಗ ಚೆಸ್ ಕಲಿತವರಿಗೂ ಕಲಿಯದವರಿಗೂ ಗಣಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಿಂದಿರುವವರನ್ನೇ ಆರಿಸಿ ತಂದರೆ ಆ ತರಗತಿ ಶಾಲೆಯ ಕಣ್ಣಿಗೆ ಶಿಕ್ಷೆಯ ಕೋಣೆಯಾಗುತ್ತದೆ. ಆಡಬೇಕೆಂಬ ಮಕ್ಕಳೆಲ್ಲರಿಗೂ ಬಾಗಿಲು ತೆರೆಯಿರಿ, ಗಣಿತವನ್ನು ಗಣಿತದ ಮಾಸ್ತರು ನೋಡಿಕೊಳ್ಳಲಿ.

ಪ್ರಶ್ನೆ: ಆರು ವರ್ಷದ ಮೊಮ್ಮಗ ಸೋತರೆ ಕಾಯಿಗಳನ್ನು ಚೆಲ್ಲಿ ಅಳುತ್ತಾನೆ. ನಾನು ಬೇಕೆಂದೇ ಸೋಲಬಹುದೇ? (ಯಲ್ಲಾಪುರದ ಓದುಗರು)

ಉತ್ತರ: ಬೇಡ ಅಜ್ಜಾ, ಆರು ವರ್ಷದವನಿಗೂ ಅದು ಗೊತ್ತಾಗುತ್ತದೆ. ಕೂಟದಲ್ಲಿ ಕಾಯಿ ತೆಗೆದಿಡುವುದು ನನಗೆ ಹಿಡಿಸದು ಎಂದು ಮೇಲೆ ಬರೆದೆ, ಆದರೆ ಜಗಲಿಯ ಮೇಲೆ ಅಜ್ಜ ಮೊಮ್ಮಗ ಇಬ್ಬರೇ ಆಡುವಾಗ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಿಮ್ಮ ಮಂತ್ರಿಯನ್ನೂ ಎರಡೂ ಆನೆಗಳನ್ನೂ ಪೆಟ್ಟಿಗೆಯಲ್ಲೇ ಬಿಟ್ಟು, ಉಳಿದ ಕಾಯಿಗಳಿಂದ ಸೋಲದಿರಲು ನಿಜವಾಗಿಯೇ ಹೆಣಗಾಡಿ. ಅವನು ಮೂರು ಸಲ ಗೆದ್ದ ಮೇಲೆ ಒಂದು ಆನೆ ಹೊರಬರಲಿ, ಮತ್ತೆ ಮೂರು ಸಲ ಗೆದ್ದರೆ ಇನ್ನೊಂದು. ಪೆಟ್ಟಿಗೆಯಿಂದ ಕಾಯಿಯನ್ನು ತೆಗೆದು ನಿಮ್ಮ ಕೈಗೆ ಕೊಡುವವನು ಅವನೇ ಆಗಿರಲಿ. ಮಂತ್ರಿ ಹೊರಬರುವ ದಿನ ದೂರವಿದೆ, ಅಷ್ಟರೊಳಗೆ ನೀವೂ ಸ್ವಲ್ಪ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.